‘ಉಳಿಸಲಾಗಿದೆ’ ಅಂತ ಇದ್ದರೂ ನಂಬಬೇಡಿ

ದಯವಿಟ್ಟು ಯಾರೂ ಬ್ರೌಸರ್‌ನ ಬಾಕ್ಸಿನೊಳಗೆ ಉದ್ದದ ಬರಹವನ್ನು ನೇರವಾಗಿ ಟೈಪ್ ಮಾಡಬೇಡಿ. ನಾನು ಮಾಡಿದೆ. ಮೂರು ಗಂಟೆಯ ಕೆಲಸ ಹೋಯಿತು.

ಒಂದು ಪ್ರಬಂಧ ಸ್ಪರ್ಧೆಗೆ 300 ರೂಪಾಯಿ ಕಟ್ಟಿದ್ದೆ. ಬರಹವನ್ನು ಅವರ ವೆಬ್‌ಸೈಟಿನಲ್ಲೇ ತುಂಬಬೇಕು, ಫೈಲ್ ಕಳಿಸುವ ಹಾಗಿಲ್ಲ. ಹಳೆಯ ಆಸ್ಕಿ ಫಾಂಟಿನಲ್ಲಿದ್ದ ಎರಡು ಪುಟ ಪೇಸ್ಟ್ ಮಾಡಿದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರುತ್ತವೆ. ಬ್ರೌಸರ್‌ಗೆ ಯುನಿಕೋಡ್ ಬೇಕು, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ವ್ಯವಸ್ಥೆ. ಸರಿ, ಅಲ್ಲೇ ಹೊಸದಾಗಿ ಟೈಪ್ ಮಾಡೋಣ ಅಂತ ಕೂತೆ.

ಪ್ರಬಂಧಕ್ಕೆ ಬೇಕಾದ ಸೋಬಾನೆ ಪದಗಳನ್ನು ಸೋದರತ್ತೆ ಫೋನಿನಲ್ಲಿ ಹೇಳುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. ಬಾಕ್ಸಿನ ಕೆಳಗೆ ಹಸಿರು ಬಣ್ಣದಲ್ಲಿ ‘ಉಳಿಸಲಾಗಿದೆ’ ಅಂತ ಇತ್ತು. ಕಣ್ಣಾರೆ ನೋಡಿದ್ದೇನೆ. ಅದನ್ನು ನಂಬಿ ಬೇರೆ ಕಡೆ ಬರೆದಿಡಲಿಲ್ಲ. ಕೊನೆಗೆ ‘ಸಲ್ಲಿಸಿ’ ಒತ್ತಿದೆ. ಲಾಗಿನ್ ಪುಟ ಬಂತು. ಹಿಂದಕ್ಕೆ ಹೋದೆ. ಬಾಕ್ಸ್ ಖಾಲಿ. ಹೋದದ್ದನ್ನು ಮರಳಿ ತರುವ ಕಂಟ್ರೋಲ್ ಜೆಡ್ ಒತ್ತಿದೆ. ಖಾಲಿ. ಕೈ ನಡುಗುತ್ತಿತ್ತು.

ಮರುದಿನ ಸ್ಪರ್ಧೆಯವರಿಗೆ ಫೋನ್ ಮಾಡಿದೆ. “ಮೇಡಂ, 30 ನಿಮಿಷ ಆದ್ಮೇಲೆ ಲಾಗಿನ್ ಮುಗಿಯುತ್ತೆ.” ನಾನು ಟೈಪ್ ಮಾಡ್ತಾನೇ ಇದ್ದೆನಲ್ಲ? “ನೀವು ಟೈಪ್ ಮಾಡೋದು ಸರ್ವರ್‌ಗೆ ಗೊತ್ತಾಗಲ್ಲ ಮೇಡಂ.” ಹಾಗಾದರೆ ‘ಉಳಿಸಲಾಗಿದೆ’ ಅಂದರೆ? “ಅದು ನಿಮ್ಮ ಹೆಸರು, ವಿಳಾಸ ಉಳಿದಿದೆ ಅಂತ.” ಬರಹದ ಬಾಕ್ಸಿನ ಕೆಳಗೆ ಹಾಕಿ, ಉಳಿದದ್ದು ಹೆಸರು ಅಂದರೆ ಯಾರಿಗೆ ಅರ್ಥವಾಗುತ್ತದೆ? ದುಡ್ಡು ವಾಪಸ್ ಕೇಳಿದೆ. “ನಿಯಮದಲ್ಲಿ ಇಲ್ಲ ಮೇಡಂ.” ಒಂದು ಕ್ಷಮೆ ಕೂಡ ಇಲ್ಲ.

ಮತ್ತೆ ಬರೆದೆ, ಈ ಸಲ ನೋಟ್‌ಪ್ಯಾಡಿನಲ್ಲಿ. ಪೇಸ್ಟ್ ಮಾಡಿದಾಗ ಕೊನೆಯ ಹಾಡು ಅರ್ಧಕ್ಕೇ ನಿಂತಿತ್ತು. ಮಿತಿ 5000 ಅಕ್ಷರ ಅಂದಿದ್ದರು, ನಾನು ಎಣಿಸಿಕೊಂಡೇ ಬರೆದಿದ್ದೆ. ‘ಸ್ತ್ರೀ’ ನಮಗೆ ಒಂದು ಅಕ್ಷರ ಅಲ್ವಾ? ಅಲ್ಲಿ ಆರು! ಸ, ತ, ರ, ನಡುವಿನ ಎರಡು ಹಲಂತ (ಒತ್ತಕ್ಷರ ಮೂಡಿಸುವ ಚಿಹ್ನೆ), ಮೇಲೆ ದೀರ್ಘ, ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತದೆ. ಮಿತಿ ದಾಟಿದ್ದನ್ನು ಹೇಳದೆ ಕೇಳದೆ ಕತ್ತರಿಸಿ ಹಾಕುತ್ತದೆ. ಈ ಮಾತು ಅವರ ನಿಯಮದಲ್ಲಿ ಎಲ್ಲೂ ಇಲ್ಲ.

ಬೇರೆ ಕಡೆ ಬರೆದು ಸೇವ್ ಮಾಡಿ, ಆಮೇಲೆ ಪೇಸ್ಟ್ ಮಾಡಿ. ಪೇಸ್ಟ್ ಆದ ಮೇಲೆ ಕೊನೆಯ ಸಾಲು ನೋಡಿ. ಬಾಕ್ಸಿನಲ್ಲೇ ಬರೆದುಬಿಟ್ಟಿದ್ದರೆ, ಸಲ್ಲಿಸುವ ಮೊದಲು ಕಂಟ್ರೋಲ್ ಎ, ಕಂಟ್ರೋಲ್ ಸಿ ಒತ್ತಿ ಇಡೀ ಬರಹ ಕಾಪಿ ಮಾಡಿಟ್ಟುಕೊಳ್ಳಿ. ಹಸಿರು ಅಕ್ಷರ ನಂಬಲೇಬೇಡಿ.

ಅತ್ತೆಗೆ 78 ವರ್ಷ. ಎರಡನೇ ಸಲ ಬೇಸರವಿಲ್ಲದೆ ಎಲ್ಲ ಹೇಳಿದರು. ಧಾರೆಯ ಪದದ ನಾಲ್ಕು ಸಾಲು ಮಾತ್ರ ಅವರಿಗೆ ಮತ್ತೆ ನೆನಪಾಗಲಿಲ್ಲ.