ನೋವಿನ ಕ್ಲಿನಿಕ್‌ನಲ್ಲಿ ಪ್ಯಾಕೇಜಿಗೆ ಸಹಿ ಹಾಕುವ ಮೊದಲು

‘ಶಸ್ತ್ರಚಿಕಿತ್ಸೆ ಇಲ್ಲದೆ ಬೆನ್ನುನೋವಿನಿಂದ ಶಾಶ್ವತ ಮುಕ್ತಿ’ ಎಂಬ ಜಾಹೀರಾತು ನನ್ನ ಮೊಬೈಲ್‌ನಲ್ಲಿ ಕಾಣಿಸಿದ್ದು ರಾತ್ರಿ ಎರಡು ಗಂಟೆಗೆ. ಆ ಹೊತ್ತಿನಲ್ಲಿ ಎದ್ದು ಕೂತಿರುವವರು ಯಾರೆಂದು ಜಾಹೀರಾತು ಹಾಕಿದವರಿಗೆ ಚೆನ್ನಾಗಿಯೇ ಗೊತ್ತಿರಬೇಕು.

ನಾನು ತಿಪಟೂರಿನ ಕಡೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕಿ. ವಯಸ್ಸು 49. ಆರು ವರ್ಷದಿಂದ ಸೊಂಟದಲ್ಲಿ ಹಿಡಿದ ನೋವು ಎಡಗಾಲಿನ ಹಿಂಬದಿಯಿಂದ ಹಿಮ್ಮಡಿಯವರೆಗೆ ಇಳಿಯುತ್ತದೆ. ಜೊತೆಗೆ ಸಕ್ಕರೆ ಕಾಯಿಲೆ ಇದೆ, ಮಾತ್ರೆಯಲ್ಲಿ ಹತೋಟಿಯಲ್ಲಿದೆ. ಈ ಆರು ವರ್ಷದಲ್ಲಿ ಎಣ್ಣೆ, ಪಟ್ಟು, ಬೆಲ್ಟು, ಮೂಳೆ ಡಾಕ್ಟರು ಎಲ್ಲ ಮುಗಿದಿದ್ದವು. ಆದ್ದರಿಂದ ಕಳೆದ ವರ್ಷ ಜೂನ್‌ನಲ್ಲಿ ಬೆಳಗಿನ ರೈಲು ಹಿಡಿದು ಯಶವಂತಪುರದಲ್ಲಿ ಇಳಿದು, ಯಜಮಾನರ ಜೊತೆ ಆಟೋ ಹತ್ತಿ ಆ ಕ್ಲಿನಿಕ್ ಹುಡುಕಿಕೊಂಡು ಹೋದಾಗ ನಾನು ಮೋಸಹೋಗಲು ಪೂರ್ತಿ ಸಿದ್ಧಳಾಗಿಯೇ ಇದ್ದೆ. ಕ್ಲಿನಿಕ್ಕಿನ ಹೆಸರು ಇಲ್ಲಿ ಬರೆಯುವುದಿಲ್ಲ, ದೂರು ವಿಚಾರಣೆಯಲ್ಲಿದೆ. ಹೆಸರಿಗಿಂತ ಅವರ ಪಟ್ಟು ತಿಳಿದಿರುವುದು ಮುಖ್ಯ, ಏಕೆಂದರೆ ನಾನು ಇದನ್ನು ಹೇಳಿಕೊಂಡ ಮೇಲೆ ನಮ್ಮ ಶಾಲೆಯ ಇನ್ನಿಬ್ಬರು ಬೇರೆ ಬೇರೆ ಊರುಗಳಲ್ಲಿ ಇದೇ ಆಟಕ್ಕೆ ಸಿಕ್ಕಿದ್ದಾಗಿ ಹೇಳಿದರು.

ಮೊದಲು ಒಂದು ಅರ್ಜಿ ಕೊಟ್ಟರು. ಅದರಲ್ಲಿ ನಗುವ ಮುಖದಿಂದ ಅಳುವ ಮುಖದವರೆಗೆ ಆರು ಚಿತ್ರಗಳು, ಕೆಳಗೆ ಸೊನ್ನೆಯಿಂದ ಹತ್ತರವರೆಗೆ ಅಂಕಿಗಳು. ‘ನಿಮ್ಮ ನೋವು ಎಷ್ಟು ಮೇಡಂ?’ ಎಂದು ಕೇಳಿದಳು ಹುಡುಗಿ. ಏಳು ಎಂದೆ. ಐದು ಎಂದರೆ ಇಷ್ಟು ದೂರ ಬಂದದ್ದೇಕೆ ಎನ್ನುತ್ತಾರೆ, ಹತ್ತು ಎಂದರೆ ನಾಟಕ ಎನ್ನುತ್ತಾರೆ. ಬಹಳ ದಿನದ ನೋವಿನವರೆಲ್ಲ ಈ ಲೆಕ್ಕ ಹಾಕಿಯೇ ಅಂಕಿ ಹೇಳುವುದು ಎಂದು ನನ್ನ ಅಂದಾಜು.

ಅಂಕಿಯನ್ನು ತಪ್ಪು ಎನ್ನುವುದಿಲ್ಲ, ಒಳ್ಳೆಯ ಆಸ್ಪತ್ರೆಗಳಲ್ಲೂ ಕೇಳುತ್ತಾರೆ. ಆದರೆ ಅಲ್ಲಿ ಅಂಕಿಯ ಮುಂದೆ ಏನನ್ನೂ ಕೇಳಲಿಲ್ಲ. ಕನ್ನಡದಲ್ಲಿ ನೋವಿಗೆ ಎಷ್ಟು ಮಾತುಗಳಿವೆ! ಚಳಕು ಬೇರೆ, ಸೆಳೆತ ಬೇರೆ; ಸಿಡಿತ, ಉರಿ, ಜೋಮು, ಕೊರೆತ, ಮರಗಟ್ಟುವುದು, ಇರುವೆ ಹರಿದಂತಾಗುವುದು, ಒಂದೊಂದೂ ಬೇರೆ. ನನಗೆ ಬೆಳಿಗ್ಗೆ ಸೊಂಟ ಹಿಡಿದಿರುತ್ತದೆ, ನಾಲ್ಕು ಹೆಜ್ಜೆ ಓಡಾಡಿದರೆ ಸಡಿಲವಾಗುತ್ತದೆ. ಸಂಜೆ ಎಡಗಾಲಿನಲ್ಲಿ ಉರಿ, ಹೆಬ್ಬೆರಳಿನಲ್ಲಿ ಜೋಮು. ಇವೆರಡೂ ಒಂದೇ ನೋವಲ್ಲ, ಎರಡಕ್ಕೂ ಒಂದೇ ಔಷಧಿಯೂ ಅಲ್ಲ ಎಂಬುದು ನನಗೆ ತಿಳಿದದ್ದು ಎಂಟು ತಿಂಗಳ ನಂತರ, ಬೇರೆ ಕಡೆ.

ಡಾಕ್ಟರು ಐದು ನಿಮಿಷ ಸಿಕ್ಕರು. ನನ್ನನ್ನು ಮಲಗಿಸಲಿಲ್ಲ, ನಡೆಸಲಿಲ್ಲ, ಕಾಲು ಎತ್ತಿ ನೋಡಲಿಲ್ಲ. ಎಂಆರ್‌ಐ ಫಿಲ್ಮನ್ನು ಬೆಳಕಿಗೆ ಹಿಡಿದು ‘ಎಲ್4-ಎಲ್5 ಡಿಸ್ಕ್ ಉಬ್ಬಿದೆ’ (ಸೊಂಟದ ಬೆನ್ನುಮೂಳೆಗಳ ನಡುವಿನ ಮೆತ್ತೆ) ಎಂದು ಹೇಳಿ ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ಕೋಟು ತೊಟ್ಟ ಒಬ್ಬ ಯುವಕ, ಎದುರಿಗೆ ಕ್ಯಾಲ್ಕುಲೇಟರ್. ಅವರು ಡಾಕ್ಟರಲ್ಲ, ‘ಕೌನ್ಸೆಲರ್’. ‘ಹೀಗೇ ಬಿಟ್ಟರೆ ಕಾಲು ಬಿದ್ದುಹೋಗುತ್ತದೆ ಮೇಡಂ, ಆಮೇಲೆ ಗಾಲಿಕುರ್ಚಿ’ ಎಂದರು. ನಾಲ್ಕು ಬೆನ್ನಿನ ಇಂಜೆಕ್ಷನ್, ಹನ್ನೆರಡು ಸಲ ಲೇಸರ್, ಒಟ್ಟು 95,000 ರೂಪಾಯಿ, ಇವತ್ತೇ ಒಪ್ಪಿದರೆ 72,000. ಯಜಮಾನರು ‘ಕೊಬ್ಬರಿ ಮಾರಿದ ಮೇಲೆ ಬರುತ್ತೇವೆ’ ಎಂದರು. ಅದಕ್ಕೂ ಉತ್ತರ ಸಿದ್ಧವಿತ್ತು: 12,000 ಈಗ ಕೊಡಿ, ಉಳಿದದ್ದು ಬಡ್ಡಿಯಿಲ್ಲದ ಕಂತು, ತಿಂಗಳಿಗೆ 5,000. ಆಧಾರ್ ಸಂಖ್ಯೆ ಕೊಟ್ಟೆ, ಮೊಬೈಲ್‌ಗೆ ಬಂದ ಓಟಿಪಿ ಹೇಳಿದೆ. ಅಷ್ಟು ಹೊತ್ತಿಗೆ ನಾನು ಒಂದು ಫೈನಾನ್ಸ್ ಕಂಪನಿಯ ಸಾಲಗಾರಳಾಗಿದ್ದೆ. ಕ್ಲಿನಿಕ್ಕಿಗೆ 60,000 ಒಂದೇ ಗಂಟಿನಲ್ಲಿ ಹೋಯಿತು, ಹನ್ನೆರಡು ಕಂತು ನನ್ನ ಪಾಲಿಗೆ ಉಳಿಯಿತು. ನಾನು ಕಂತು ಕಟ್ಟುತ್ತಿರುವುದು ಕ್ಲಿನಿಕ್ಕಿಗಲ್ಲ, ಆದ್ದರಿಂದ ಚಿಕಿತ್ಸೆ ನಿಲ್ಲಿಸಿದರೂ ಕಂತು ನಿಲ್ಲುವುದಿಲ್ಲ. ಇದನ್ನು ಆ ಯುವಕ ಹೇಳಲಿಲ್ಲ, ನಾನು ಕೇಳಲಿಲ್ಲ.

ಮೊದಲ ಇಂಜೆಕ್ಷನ್ ಅವತ್ತೇ ಮಧ್ಯಾಹ್ನ. ಒಪ್ಪಿಗೆ ಪತ್ರ ಇಂಗ್ಲಿಷ್‌ನಲ್ಲಿತ್ತು, ಮಂಚದ ಮೇಲೆ ಬೋರಲು ಮಲಗಿದ ಮೇಲೆ ಕೈಗೆ ಪೆನ್ನು ಕೊಟ್ಟರು. ಬೆನ್ನು ಮೇಲೆ ಮಾಡಿಕೊಂಡು, ಗಲ್ಲ ದಿಂಬಿಗೆ ಒತ್ತಿಕೊಂಡು ಸಹಿ ಹಾಕಿದ್ದೇನೆ. ಆ ಸಹಿಯ ಪ್ರತಿ ಈಗ ನನ್ನ ಕಡತದಲ್ಲಿದೆ, ಒಂದನೇ ತರಗತಿಯ ಮಗುವಿನ ಬರಹದಂತಿದೆ. ಸೂಜಿ ಎಲ್ಲಿ ಇಳಿಯುತ್ತಿದೆ ಎಂದು ಪರದೆಯಲ್ಲಿ ನೋಡಿಕೊಳ್ಳುವ ಸಿ-ಆರ್ಮ್ ಎಂಬ ಎಕ್ಸ್-ರೇ ಯಂತ್ರ ಆ ಕೋಣೆಯಲ್ಲಿ ಇರಲಿಲ್ಲ. ಬೆನ್ನುಹುರಿಯ ಪಕ್ಕಕ್ಕೆ ಕೊಡುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಅದು ಬೇಕು. ಇದೂ ಆಮೇಲೆ ತಿಳಿದದ್ದೇ.

ನೋವು ಇಳಿಯಿತು, ಸುಳ್ಳು ಹೇಳುವುದಿಲ್ಲ. ಆರು ವರ್ಷದಲ್ಲಿ ಮೊದಲ ಸಲ ಏಳು ಗಂಟೆ ಒಂದೇ ಸಮನೆ ನಿದ್ದೆ ಮಾಡಿದೆ. ಆದರೆ ಎರಡನೇ ದಿನ ತರಗತಿಯಲ್ಲಿ ಗಂಟಲು ಒಣಗಿ ಒಣಗಿ ಒಂದು ಲೀಟರ್ ನೀರು ಕುಡಿದೆ, ಅರ್ಧ ಪಾಠಕ್ಕೆ ಮಕ್ಕಳನ್ನು ಬಿಟ್ಟು ಶೌಚಾಲಯಕ್ಕೆ ಓಡಿದೆ. ಮನೆಯ ಯಂತ್ರದಲ್ಲಿ ನೋಡಿದರೆ ಊಟದ ನಂತರದ ಸಕ್ಕರೆ 346. ನಮ್ಮೂರಿನ ಡಾಕ್ಟರು ‘ಸ್ಟಿರಾಯ್ಡ್ ಕೊಟ್ಟಿದ್ದಾರೆ ಟೀಚರ್, ನಿಮಗೆ ಸಕ್ಕರೆ ಇದೆ ಎಂದು ಅವರಿಗೆ ಹೇಳಲಿಲ್ಲವೇ?’ ಎಂದು ಗದರಿದರು. ಸ್ಟಿರಾಯ್ಡ್ ಇಂಜೆಕ್ಷನ್ ಆದ ಮೇಲೆ ಕೆಲವು ದಿನ ಸಕ್ಕರೆ ಏರುವುದು ಗೊತ್ತಿರುವ ಸಂಗತಿ, ಮೊದಲೇ ತಿಳಿದಿದ್ದರೆ ಮಾತ್ರೆ ಹೊಂದಿಸಿಕೊಳ್ಳಬಹುದು. ಹೇಳಬೇಕಿದ್ದವಳು ನಾನೂ ಹೌದು. ಆದರೆ ಅರ್ಜಿಯಲ್ಲಿ ಆರು ಮುಖಗಳಿಗೆ ಜಾಗವಿತ್ತು, ಸಕ್ಕರೆ ಕಾಯಿಲೆಗೆ ಒಂದು ಗೆರೆ ಇರಲಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದೂ ಕೇಳಲಿಲ್ಲ. ಆ ಮಾತ್ರೆ ಇರುವವರಿಗೆ ಈ ಸೂಜಿ ಇನ್ನೂ ದೊಡ್ಡ ಅಪಾಯ.

ಹನ್ನೆರಡನೇ ದಿನ ನೋವು ಹಳೆಯ ಜಾಗಕ್ಕೆ ಮರಳಿತು. ಫೋನ್ ಮಾಡಿದರೆ ‘ಎರಡನೆಯದಕ್ಕೆ ಬನ್ನಿ’ ಎಂದರು. ಲೇಸರ್‌ಗೆಂದು ಮೂರು ಸಲ ಹೋದೆ, ಮೂರು ಸಲವೂ ಬೇರೆ ಬೇರೆ ಡಾಕ್ಟರ ಹೆಸರು ಬಾಗಿಲ ಮೇಲಿತ್ತು. ಉಳಿದ ಹಣ ಕೇಳಿದಾಗ ರಸೀದಿಯ ಹಿಂಬದಿ ತೋರಿಸಿದರು: ಪ್ಯಾಕೇಜಿನ ಮೊತ್ತ ಯಾವ ಕಾರಣಕ್ಕೂ ಹಿಂತಿರುಗಿಸಲಾಗದು. ಅಕ್ಷರ ಎಷ್ಟು ಸಣ್ಣದೆಂದರೆ ಕನ್ನಡಕ ಹಾಕಿಕೊಂಡೂ ಯಜಮಾನರು ಮೊಬೈಲ್‌ನಲ್ಲಿ ಫೋಟೋ ತೆಗೆದು ಹಿಗ್ಗಿಸಿ ಓದಿದರು.

ಎಂಟು ತಿಂಗಳ ನಂತರ ಒಂದು ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋದೆ. ಅಲ್ಲಿ ಅರಿವಳಿಕೆ ವಿಭಾಗದವರೇ ವಾರಕ್ಕೆ ಎರಡು ದಿನ ನೋವಿನ ಹೊರರೋಗಿ ವಿಭಾಗ ನಡೆಸುತ್ತಾರೆ. ಬೆಂಚಿನ ಮೇಲೆ ಮೂರು ಗಂಟೆ ಕಾಯಬೇಕಾಯಿತು, ಬೆನ್ನುನೋವಿನವರಿಗೆ ಆ ಬೆಂಚುಗಳನ್ನು ಹಾಕಿಸಿದವರನ್ನು ಒಂದು ದಿನ ಅದರ ಮೇಲೆ ಕೂರಿಸಬೇಕು. ಆದರೆ ಒಳಗೆ ಕರೆದ ಡಾಕ್ಟರಮ್ಮ ನನ್ನನ್ನು ತುದಿಗಾಲಿನಲ್ಲಿ ನಡೆಸಿದರು, ಹಿಮ್ಮಡಿಯ ಮೇಲೆ ನಡೆಸಿದರು, ಮಲಗಿಸಿ ಕಾಲನ್ನು ನೇರವಾಗಿ ಎತ್ತಿದರು, ಮಂಡಿಗೆ ಸುತ್ತಿಗೆ ತಟ್ಟಿದರು. ‘ಹೇಗಿರುತ್ತದಮ್ಮ ನೋವು? ನಿಮ್ಮ ಮಾತಿನಲ್ಲೇ ಹೇಳಿ’ ಎಂದರು. ಉರಿ, ಜೋಮು ಎಂದ ಕೂಡಲೇ ಬರೆದುಕೊಂಡರು, ಅದು ನರದ ನೋವಿನ ಗುರುತಂತೆ. ಮೂತ್ರ ತಡೆಯಲು ಆಗದಿರುವುದು, ಗುದದ ಸುತ್ತ ಸ್ಪರ್ಶ ತಿಳಿಯದಿರುವುದು, ಪಾದ ಎತ್ತಲಾಗದಿರುವುದು ಇದೆಯೇ ಎಂದು ಕೇಳಿದರು. ಇವು ಕಂಡರೆ ಅದೇ ದಿನ ತುರ್ತು ಚಿಕಿತ್ಸೆಗೆ ಹೋಗಬೇಕು. ಗಾಲಿಕುರ್ಚಿಯ ಹೆದರಿಕೆ ಹಾಕಿದ ಯುವಕ ಇವುಗಳಲ್ಲಿ ಒಂದನ್ನೂ ಕೇಳಿರಲಿಲ್ಲ!

ಡಿಸ್ಕ್ ಉಬ್ಬಿದೆಯಂತಲ್ಲ ಎಂದು ನಾನೇ ಎತ್ತಿದೆ. ಅವರು ನಕ್ಕರು. ಬೆನ್ನುನೋವು ಇಲ್ಲವೇ ಇಲ್ಲ ಎನ್ನುವ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಗಿದೆ. ಐವತ್ತರ ವಯಸ್ಸಿನವರಲ್ಲಿ ಶೇ. 60 ಜನರಿಗೆ ಡಿಸ್ಕ್ ಉಬ್ಬಿತ್ತು, ಇಪ್ಪತ್ತರವರಲ್ಲೇ ಶೇ. 30. ಹಾಗಾಗಿ ಫಿಲ್ಮಿನಲ್ಲಿ ಉಬ್ಬು ಕಂಡ ಮಾತ್ರಕ್ಕೆ ನೋವಿಗೆ ಅದೇ ಕಾರಣ ಎನ್ನಲಾಗದು, ದೇಹ ಮುಟ್ಟಿ ನೋಡಬೇಕು. ಇಂಜೆಕ್ಷನ್ ಕೆಟ್ಟದ್ದೆಂದು ಅವರು ಹೇಳಲಿಲ್ಲ. ಹೊಸದಾಗಿ ಕಾಲಿಗೆ ಇಳಿದ ನೋವಿಗೆ ಕೆಲವರಿಗೆ ಒಳ್ಳೆಯ ಉಪಯೋಗವಾಗುತ್ತದೆ, ಆದರೆ ಒಂದನ್ನು ಕೊಟ್ಟು ಫಲ ನೋಡದೆ ನಾಲ್ಕನ್ನು ಮುಂಗಡವಾಗಿ ಮಾರುವುದು ವೈದ್ಯವಲ್ಲ ಎಂದರು.

‘ಸೊನ್ನೆ ಮಾಡುತ್ತೇನೆ ಎಂದು ಹೇಳುವುದಿಲ್ಲ. ಒಂದು ಪೀರಿಯಡ್ ಪೂರ್ತಿ ನಿಂತು ಪಾಠ ಮಾಡಬೇಕು, ಅಲ್ಲಿಂದ ಶುರು ಮಾಡೋಣ’ ಎಂದರು. ರಾತ್ರಿಗೆ ಒಂದು ಸಣ್ಣ ಮಾತ್ರೆ, ಫಿಸಿಯೋಥೆರಪಿ, ನಿದ್ದೆಯ ಬಗ್ಗೆ ಮನೋವೈದ್ಯ ವಿಭಾಗದವರ ಜೊತೆ ಒಂದು ಮಾತುಕತೆ. ಮನೋವೈದ್ಯರು ಎಂದಾಗ ನನಗೆ ಸಿಟ್ಟು ಬಂದಿತ್ತು, ನೋವು ಸುಳ್ಳೆಂದರೇನೋ ಎಂದು. ಆದರೆ ನೋವಿನ ಕ್ಲಿನಿಕ್ ಎಂಬುದೇ ಹಾಗೆ ಹುಟ್ಟಿದ್ದಂತೆ. ಅಮೆರಿಕದ ಅರಿವಳಿಕೆ ತಜ್ಞ ಜಾನ್ ಬೊನಿಕಾ ಓದಿನ ಖರ್ಚಿಗೆ ಕುಸ್ತಿ ಆಡಿ, ಆ ಪೆಟ್ಟುಗಳ ನೋವನ್ನು ಜೀವಮಾನವಿಡೀ ಹೊತ್ತವರು. ಬೇರೆ ಬೇರೆ ವಿಭಾಗದವರು ಒಬ್ಬ ರೋಗಿಯನ್ನು ಒಟ್ಟಿಗೆ ಕೂತು ನೋಡಬೇಕೆಂದು 1960ರ ದಶಕದಲ್ಲಿ ಸಿಯಾಟಲ್‌ನಲ್ಲಿ ಅಂಥ ಕ್ಲಿನಿಕ್ ಕಟ್ಟಿದರು. ಕ್ಯಾಲ್ಕುಲೇಟರ್ ಹಿಡಿದವರಿಗೆ ಅದರಲ್ಲಿ ಕುರ್ಚಿ ಇತ್ತೆಂದು ನಾನು ಕೇಳಿಲ್ಲ.

ಹಣದ ವಿಷಯ. ಸಾಲ ಮೊಬೈಲ್ ಮೂಲಕ ಆಗಿದ್ದರೆ, ರಿಸರ್ವ್ ಬ್ಯಾಂಕಿನ ನಿಯಮದಂತೆ ದಂಡವಿಲ್ಲದೆ ಹಿಂದೆ ಸರಿಯಲು ಒಂದು ಸಣ್ಣ ಅವಧಿಯ ಅವಕಾಶವಿದೆ. ಎಷ್ಟು ದಿನ ಎಂಬುದು ಸಾಲದ ಪತ್ರದಲ್ಲಿರುತ್ತದೆ, ಮನೆಗೆ ಬಂದ ದಿನವೇ ಓದಿ. ನಾನು ಓದಿದ್ದು ನಾಲ್ಕನೇ ಕಂತಿನ ಹೊತ್ತಿಗೆ. ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಬೆಂಗಳೂರಿಗೆ ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು, ಎರಡು ವರ್ಷದೊಳಗೆ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಮೊದಲು ಫೋನ್‌ನಲ್ಲಿ ಕೇಳಬೇಕೆಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ಪ್ರತಿ ಕ್ಲಿನಿಕ್ ನೋಂದಣಿ ಪತ್ರವನ್ನೂ ದರಪಟ್ಟಿಯನ್ನೂ ಕಾಣುವಂತೆ ಹಾಕಬೇಕು. ಒಳಗೆ ಹೋದ ಕೂಡಲೇ ಗೋಡೆ ನೋಡಿ. ನಾನು ಹೋದ ಕಡೆ ಗೋಡೆಯ ಮೇಲೆ ಜಲಪಾತದ ದೊಡ್ಡ ಚಿತ್ರ ಮಾತ್ರ ಇತ್ತು.

ತುಮಕೂರಿನಲ್ಲಿ ದೂರು ದಾಖಲಾಗಿದೆ. ರಸೀದಿ, ಎಂಆರ್‌ಐ, ಬೋರಲು ಮಲಗಿ ಹಾಕಿದ ಸಹಿಯ ಪ್ರತಿ, ಆ ವಾರದ ಸಕ್ಕರೆಯ ಅಂಕಿಗಳನ್ನು ಬರೆದಿಟ್ಟ ಹಾಲಿನ ಲೆಕ್ಕದ ಪುಸ್ತಕ, ಎಲ್ಲವನ್ನೂ ಸಲ್ಲಿಸಿದ್ದೇನೆ. ಮೊನ್ನೆ ಕ್ಲಿನಿಕ್ಕಿನಿಂದ ಮತ್ತೆ ಸಂದೇಶ ಬಂತು: ನಿಮ್ಮ ಮೂರು ಇಂಜೆಕ್ಷನ್ ಬಾಕಿ ಇವೆ, ಈ ತಿಂಗಳು ಬಂದರೆ ಮೊಣಕಾಲಿನ ತಪಾಸಣೆ ಉಚಿತ. ಅದನ್ನೂ ಪ್ರಿಂಟ್ ತೆಗೆಸಿ ಕಡತಕ್ಕೆ ಸೇರಿಸಿದೆ.