‘ಕಟಿಂಗ್ ಸರ್, ಲೈಟ್ ವೇಟ್ ಹಾಕಿ’ ಅಂದರೆ ತಲೆಯಾಡಿಸಬೇಡಿ

20 ಲೀಟರಿನ ನೀರಿನ ಕ್ಯಾನ್ ಮೊಣಕಾಲಿನವರೆಗೆ ಬಂತು, ಅಲ್ಲಿಂದ ಮೇಲೆ ಹೋಗಲಿಲ್ಲ. ವಾರಕ್ಕೆ ಆರು ದಿನ ಜಿಮ್‌ಗೆ ಹೋಗುತ್ತಿದ್ದವನು ನಾನು. ಹೆಂಡತಿ ಬಂದು ಇನ್ನೊಂದು ಕಡೆ ಹಿಡಿದಳು. ನಗಲೂ ಇಲ್ಲ, ಅದೇ ಜಾಸ್ತಿ ಬೇಜಾರಾಯಿತು.

ಅದಕ್ಕೆ ಎರಡು ತಿಂಗಳ ಹಿಂದೆ ನನ್ನ ತೂಕ 86 ಕೆಜಿ. ಸ್ಕ್ವಾಟ್, ಅಂದರೆ ಹೆಗಲ ಮೇಲೆ ಭಾರ ಹೊತ್ತು ಕೂತು ಏಳುವುದು, 80 ಕೆಜಿ, ಐದು ಸಲ. ದೊಡ್ಡ ಸಾಧನೆಯೇನಲ್ಲ, ಆದರೆ ಒಂದು ವರ್ಷ ಬೆವರು ಸುರಿಸಿದ್ದೆ. ಹೊಟ್ಟೆ ಇಳಿಸಬೇಕು ಅಂದಿದ್ದೇ ತಡ, ಟ್ರೈನರ್ ಇಡೀ ಚಾರ್ಟ್ ಬದಲಾಯಿಸಿದರು. “ಈಗ ಕಟಿಂಗ್ ಸರ್, ಭಾರ ಬೇಡ, ಲೈಟ್ ಹಾಕಿ 25 ರೆಪ್ಸ್ ಹೊಡೀರಿ, ಕಟ್ಸ್ ಬರುತ್ತೆ.” ಕಟಿಂಗ್ ಅಂದರೆ ಸ್ನಾಯು ಉಳಿಸಿಕೊಂಡು ಕೊಬ್ಬು ಇಳಿಸುವುದು, ರೆಪ್ಸ್ ಅಂದರೆ ಒಂದೇ ಉಸಿರಿಗೆ ಎಷ್ಟು ಸಲ ಅನ್ನುವ ಲೆಕ್ಕ, ಕಟ್ಸ್ ಅಂದರೆ ಸ್ನಾಯು ಎದ್ದು ಕಾಣುವುದು. ಸ್ಕ್ವಾಟ್ ಹೋಗಿ ಮಷಿನ್‌ನಲ್ಲಿ ಕೂತು ಕಾಲು ಚಾಚುವ ಲೆಗ್ ಎಕ್ಸ್‌ಟೆನ್ಷನ್ ಬಂತು, ಭಾರವನ್ನು ಮೈ ಕಡೆ ಎಳೆಯುವ ರೋ ಹೋಗಿ ನೆಲಕ್ಕೆ ಬಿದ್ದು ಎದ್ದು ಜಿಗಿಯುವ ಬರ್ಪಿ ಬಂತು, ದಿನಕ್ಕೆ ಒಟ್ಟು ಹನ್ನೆರಡು ವ್ಯಾಯಾಮ, ಮಧ್ಯೆ ರೆಸ್ಟ್ ಇಲ್ಲ, ಊಟ 1,200 ಕ್ಯಾಲರಿ.

ಮೊದಲ ತಿಂಗಳು 4 ಕೆಜಿ ಇಳಿಯಿತು. ಎಲ್ಲರಿಗೂ ಖುಷಿ. ಅನ್ನ, ಮುದ್ದೆ ಬಿಟ್ಟಾಗ ಮೈಯಲ್ಲಿದ್ದ ನೀರೇ ಸಾಕಷ್ಟು ಹೋಗುತ್ತದೆ ಅಂತ ಯಾರೂ ಹೇಳಲಿಲ್ಲ. ಟ್ರೈನರ್‌ಗೆ ಕ್ಯಾನ್ ಕಥೆ ಹೇಳಿದರೆ “ಫ್ಯಾಟ್ ಹೋಗ್ತಿದೆ ಸರ್, ಸ್ವಲ್ಪ ವೀಕ್‌ನೆಸ್ ಇರುತ್ತೆ” ಅಂದರು. ಹತ್ತು ದಿನ ಕಳೆದು, ಬಾಕ್ಸ್ ಜಂಪ್ ಮುಗಿಸಿ ಏದುಸಿರು ಬಿಡುತ್ತಲೇ 40 ಕೆಜಿ ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತಿ ನೆಟ್ಟಗೆ ನಿಲ್ಲುವುದು) ಇಪ್ಪತ್ತು ಸಲ ಮಾಡಬೇಕಿತ್ತು. ಹದಿನಾಲ್ಕನೆಯದಕ್ಕೆ ಸೊಂಟದಲ್ಲಿ ಚಳಕ್ ಅಂತು. ಮೂರು ವಾರ ಬಗ್ಗಿ ಸಾಕ್ಸ್ ಹಾಕಿಕೊಳ್ಳಲು ಆಗಲಿಲ್ಲ. ಮೊದಲು ಅದರ ಎರಡರಷ್ಟು ಭಾರ ಎತ್ತುತ್ತಿದ್ದೆ ಕಣ್ರೀ.

ನನ್ನ ತಪ್ಪೂ ಇದೆ. ಕೊಬ್ಬು ಇಳಿಸುವ ಕೆಲಸ ಮುಖ್ಯವಾಗಿ ತಟ್ಟೆಯದು. ಭಾರ ಎತ್ತುವುದು ಇರುವ ಸ್ನಾಯುವನ್ನು ಉಳಿಸಿಕೊಳ್ಳಲು. ಊಟ ಕಡಿಮೆಯಾದಾಗ, ಕೆಲಸ ಕೊಡದ ಸ್ನಾಯುವನ್ನು ಮೈ ಸುಮ್ನೆ ಸಾಕುವುದಿಲ್ಲ. ಲೈಟ್ ವೇಟ್ ಯಾವಾಗಲೂ ತಪ್ಪು ಅಂತಲ್ಲ, ಇನ್ನೊಂದೆರಡು ಮಾಡಲು ಆಗಲ್ಲ ಅನ್ನುವವರೆಗೆ ಹೋದರೆ ಅದೂ ಕೆಲಸ ಮಾಡುತ್ತದೆ, ಆದರೆ ಅರೆಹೊಟ್ಟೆಯಲ್ಲಿ ಹನ್ನೆರಡು ವ್ಯಾಯಾಮವನ್ನೂ ಹಾಗೆ ಮಾಡಲು ಯಾರ ಕೈಲಾಗುತ್ತೆ? ನಾನು ಬೆವರು ನೋಡಿ ಕೊಬ್ಬು ಕರಗಿತು ಅಂದುಕೊಂಡೆ, ಅಷ್ಟೇ.

ಇನ್ನು ಪ್ರೋಟೀನ್. ತೂಕದ ಪ್ರತಿ ಕೆಜಿಗೆ 1.6 ಗ್ರಾಂ ಅಂದರೂ ನನಗೆ 135ರ ಮೇಲೆ ಬೇಕಿತ್ತು. ಎರಡು ಮೊಟ್ಟೆಗೆ 12 ಗ್ರಾಂ, ತಿಳಿ ಸಾರಿನಲ್ಲಿ ಹೆಸರಿಗೆ ಅಷ್ಟು ಬೇಳೆ, ಒಂದು ಲೋಟ ಮಜ್ಜಿಗೆ. ದಿನಕ್ಕೆ 50 ದಾಟುತ್ತಿರಲಿಲ್ಲ.

ಸೊಂಟ ಸರಿಯಾದ ಮೇಲೆ, ಫಿಸಿಯೋ ಹೂಂ ಅಂದ ಮೇಲೆ, ವಾರಕ್ಕೆ ಮೂರೇ ದಿನ ಮಾಡಿದೆ. ಲೆಗ್ ಪ್ರೆಸ್ ಅಥವಾ ಸ್ಕ್ವಾಟ್, ಬೆಂಚ್ ಪ್ರೆಸ್, ಬೆಂಚಿಗೆ ಎದೆ ಊರಿ ಮಾಡುವ ರೋ, ಮೇಲಿನಿಂದ ಬಾರ್ ಕೆಳಗೆ ಎಳೆಯುವ ಲ್ಯಾಟ್ ಪುಲ್‌ಡೌನ್, ಕೊನೆಗೆ ಹಗುರವಾಗಿ ರೊಮೇನಿಯನ್ ಡೆಡ್‌ಲಿಫ್ಟ್ (ಮಂಡಿ ಹೆಚ್ಚು ಮಡಚದೆ ಬಗ್ಗಿ ಏಳುವುದು). ಎದೆ ಊರಿದರೆ ಸೊಂಟಕ್ಕೆ ಹೆಚ್ಚು ಭಾರ ಬೀಳುವುದಿಲ್ಲ. ಆರರಿಂದ ಎಂಟು ರೆಪ್ಸ್, ನಡುವೆ ಎರಡು ಮೂರು ನಿಮಿಷ ರೆಸ್ಟ್. ಸುಸ್ತಾದ ದಿನ ಭಾರ ಇಳಿಸುವುದಿಲ್ಲ, ಮೂರು ಸೆಟ್ ಬದಲು ಎರಡೇ ಮಾಡಿ ಮನೆಗೆ ಬರುತ್ತೇನೆ. ಜಂಪ್, ಬರ್ಪಿ ಬಂದ್, ಬದಲಿಗೆ ನಡಿಗೆ. ಊಟದಲ್ಲಿ, ಮೈಗೆ ದಿನಕ್ಕೆ ಬೇಕಾದ್ದಕ್ಕಿಂತ 400 ಕ್ಯಾಲರಿ ಮಾತ್ರ ಕಡಿಮೆ.

ಎತ್ತಿದ್ದನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆಯುತ್ತೇನೆ. ಎರಡು ವಾರ ಸತತ ಅಂಕಿ ಇಳಿದರೆ ಒಂದು ಮುದ್ದೆ ಜಾಸ್ತಿ. ಆ ಎರಡು ತಿಂಗಳಲ್ಲಿ ಇದನ್ನು ಬರೆದಿದ್ದರೆ ಕ್ಯಾನ್‌ಗಿಂತ ಮೊದಲೇ ಗೊತ್ತಾಗುತ್ತಿತ್ತು.

ಆ ಜಿಮ್‌ನಲ್ಲಿ ಬಿಟ್ಟುಬಂದಿದ್ದ ಶೂ ತರಲು ಮೊನ್ನೆ ಹೋಗಿದ್ದೆ. ಕಾಲೇಜು ಹುಡುಗನೊಬ್ಬನ ಕೈಯಲ್ಲಿ ಅದೇ ಚಾರ್ಟ್ ಇತ್ತು, ಮೇಲಿನ ಹೆಸರು ಮಾತ್ರ ಬೇರೆ.