ಊಟಕ್ಕೆ ತಕರಾರು ಮಾಡುವ ಮಗುವಿನೊಂದಿಗೆ ಮಲೆನಾಡಿನ ಪ್ರವಾಸ: ಬಫೆ, ದರ್ಶಿನಿ, ಪಂಕ್ತಿ, ಹೋಂಸ್ಟೇ

ಹಾಸನದಲ್ಲಿ ಮನೆಯಿರುವ ನಮಗೆ ಬೇಲೂರು, ಹಳೇಬೀಡು, ಚಿಕ್ಕಮಗಳೂರು, ಶೃಂಗೇರಿಗಳೆಲ್ಲ ರಜೆ ಸಿಕ್ಕಾಗ ಹೊರಟುಬಿಡಬಹುದಾದ ಊರುಗಳು; ಆದರೆ 6 ವರ್ಷದ ಮಗಳು ಜೊತೆಗಿರುವಾಗ ಏನು ನೋಡಬೇಕು ಎನ್ನುವುದಕ್ಕಿಂತ ಮೊದಲು ಎಲ್ಲಿ ಉಣ್ಣಬೇಕು ಎಂಬುದನ್ನು ತೀರ್ಮಾನಿಸಬೇಕಾಗುತ್ತದೆ. ಅವಳಿಗೆ ಬಿಳಿ ಅನ್ನ, ಮೊಸರು, ಇಡ್ಲಿ, ಖಾಲಿ ದೋಸೆ, ಚಪಾತಿ ಸೇರುತ್ತವೆ. ಒಗ್ಗರಣೆಯ ಸಾಸಿವೆ ಕಣ್ಣಿಗೆ ಬಿದ್ದರೆ ಅಥವಾ ಕೊತ್ತಂಬರಿ ಸೊಪ್ಪಿನ ಚೂರೊಂದು ಅನ್ನಕ್ಕೆ ತಾಗಿದರೆ ತಟ್ಟೆಯೇ ಬೇಡವಾಗುತ್ತದೆ. ಹೊಸ ತಿನಿಸಿಗೆ ಹಿಂಜರಿಯುವುದು 2ರಿಂದ 6 ವರ್ಷದ ಮಕ್ಕಳಲ್ಲಿ ಸಹಜವಾಗಿಯೇ ಹೆಚ್ಚು, ಮತ್ತು ಒಂದು ರುಚಿ ಒಗ್ಗುವ ಮೊದಲು ಅದು ಮಗುವಿನ ಮುಂದೆ ಹತ್ತಾರು ಸಲ ಬರಬೇಕಾಗಬಹುದು. ಆದ್ದರಿಂದ ಇದನ್ನು ಬರಿಯ ಹಟವೆಂದು ಗದರಿಸುವುದು ಸರಿಯಲ್ಲ. ಇಲ್ಲಿನ ಹೋಲಿಕೆಯಲ್ಲಿ ನಾನು ರುಚಿಗಿಂತ ಹೆಚ್ಚಾಗಿ ಎರಡು ಸಂಗತಿಗಳನ್ನು ನೋಡಿದ್ದೇನೆ: ಹಸಿವೆ ಎಂದ ಮೇಲೆ ಊಟ ಎಷ್ಟು ಬೇಗ ಸಿಗುತ್ತದೆ, ಮತ್ತು ಅಡುಗೆ ಮಾಡುವವರೊಡನೆ ನಾವು ನೇರವಾಗಿ ಮಾತನಾಡಲು ಸಾಧ್ಯವೇ.

ಈ ಎರಡರಲ್ಲೂ ಹಿಂದೆ ಬಿದ್ದದ್ದು ರೆಸಾರ್ಟಿನ ಬಫೆ. ಇಪ್ಪತ್ತು ಬಗೆಯ ಪದಾರ್ಥಗಳಿದ್ದರೆ ಮಗುವಿಗೆ ಒಂದಾದರೂ ಹಿಡಿಸುತ್ತದೆ ಎಂಬುದು ಪೋಷಕರ ಸಹಜವಾದ ಎಣಿಕೆ. ನನ್ನ ಮಗಳ ವಿಷಯದಲ್ಲಿ ಅದು ನಿಜವಾಗಲಿಲ್ಲ. ಸಾಲಾಗಿ ಇಟ್ಟ ಪಾತ್ರೆಗಳ ಮುಚ್ಚಳ ತೆರೆದಾಗ ಮಸಾಲೆಯ ವಾಸನೆಗಳೆಲ್ಲ ಬೆರೆತು ಬರುತ್ತವೆ, ಆಯ್ಕೆ ಹೆಚ್ಚಿದಷ್ಟೂ ಬೇಡ ಎನ್ನುವುದಕ್ಕೆ ಕಾರಣಗಳೂ ಹೆಚ್ಚುತ್ತವೆ, ಕೊನೆಗೆ ಅವಳ ತಟ್ಟೆಯಲ್ಲಿ ಉಳಿಯುವುದು ಒಂದು ಚಪಾತಿ ಮತ್ತು ಐಸ್‌ಕ್ರೀಂ. ರಾತ್ರಿಯ ಬಫೆ ಎಂಟು ಗಂಟೆಗೆ ಆರಂಭವಾಗುವ ಕಡೆ ಏಳಕ್ಕೇ ಹಸಿಯುವ ಮಗು ಬಿಸ್ಕತ್ತು ತಿಂದು ಹೊಟ್ಟೆ ತುಂಬಿಸಿಕೊಂಡಿರುತ್ತದೆ. ಮಗುವಿನ ಊಟಕ್ಕೆ ಯಾವ ವಯಸ್ಸಿನಿಂದ ಎಷ್ಟು ಹಣ ಎಂಬುದನ್ನು ಕೋಣೆ ಕಾದಿರಿಸುವ ಮೊದಲೇ ಕೇಳಿಕೊಳ್ಳಬೇಕು. ಬೆಳಗಿನ ಬಫೆ ಮಾತ್ರ ಇದಕ್ಕೆ ಹೊರತು. ಅಲ್ಲಿ ಇಡ್ಲಿ ಇರುತ್ತದೆ, ದೋಸೆಯನ್ನು ಎದುರಿಗೇ ಹುಯ್ದು ಕೊಡುವವರೂ ಇರುತ್ತಾರೆ.

ಎದುರಿಗೆ ಹುಯ್ಯುವ ದೋಸೆಯ ಗುಣವೇ ದರ್ಶಿನಿಯ ಬಲ. ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಬೆಳಿಗ್ಗೆ ಟೋಕನ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ಇಡ್ಲಿ ಕೈಗೆ ಬರುತ್ತದೆ, ಕಾವಲಿಯ ಮೇಲೆ ಹಿಟ್ಟು ಹರಡುವುದನ್ನು ನೋಡುತ್ತ ನಿಂತ ಮಗು ಆ ದೋಸೆಯನ್ನು ತನ್ನದೆಂದು ಒಪ್ಪಿಕೊಳ್ಳುತ್ತದೆ. ಆದರೆ ಮಾತನ್ನು ಮೊದಲೇ ಆಡಿರಬೇಕು. “ಸಾಂಬಾರು ಬೇರೆ ಬಟ್ಟಲಲ್ಲಿ ಕೊಡಿ ಅಣ್ಣ, ಇಡ್ಲಿ ಮೇಲೆ ಹಾಕಬೇಡಿ” ಎಂದು ಹೇಳುವುದು ತಡವಾದರೆ ಆ ತಟ್ಟೆ ನಾವೇ ತಿನ್ನಬೇಕಾದ ತಟ್ಟೆಯಾಗುತ್ತದೆ; ದೋಸೆಯ ಒಳಗೆ ಕೆಂಪು ಚಟ್ನಿ ಸವರುವ ಕಡೆ ಅದು ಬೇಡವೆಂದು ಹಿಟ್ಟು ಹುಯ್ಯುವ ಮೊದಲೇ ತಿಳಿಸಬೇಕು. ದರ್ಶಿನಿಯ ದೊಡ್ಡ ಕೊರತೆ ಗಡಿಯಾರ. ಬೆಳಗಿನ ತಿಂಡಿ ಮುಗಿದು ಊಟ ಶುರುವಾದ ಮೇಲೆ ಇಡ್ಲಿ, ದೋಸೆ ಸಿಗದ ಹೋಟೆಲುಗಳು ಬಹಳ, ಮತ್ತೆ ಅವು ಕಾಣಿಸುವುದು ಸಂಜೆಗೆ. ಬೇಲೂರಿನಲ್ಲಿ ಶಿಲ್ಪಗಳನ್ನು ನೋಡುತ್ತ ಮಧ್ಯಾಹ್ನವಾಗಿ, ಅಲ್ಲಿಂದ 16 ಕಿಲೋಮೀಟರ್ ದೂರದ ಹಳೇಬೀಡಿಗೆ ಹಸಿದೇ ಹೊರಟರೆ ಮಗುವಿಗೆ ತಕ್ಕ ಊಟ ಹುಡುಕುವುದೇ ದಿನದ ಕೆಲಸವಾಗುತ್ತದೆ. ಹಾಗಾಗಿ ಹಾಸನದಲ್ಲೇ ತಿಂಡಿ ಮುಗಿಸಿ, ಬೇಲೂರಿನ ಊಟವನ್ನು ಹನ್ನೆರಡೂವರೆಗೇ ಮಾಡುವುದು ಒಳ್ಳೆಯದು; ಆ ಹೊತ್ತಿಗೆ ಅನ್ನ ಬಿಸಿಯಾಗಿರುತ್ತದೆ, ಜನವೂ ಕಡಿಮೆ.

ಶೃಂಗೇರಿ ಮತ್ತು ಹೊರನಾಡಿನ ದೇವಸ್ಥಾನಗಳ ಪ್ರಸಾದ ಭೋಜನವನ್ನು ಹೋಟೆಲಿನೊಂದಿಗೆ ಹೋಲಿಸುವುದು ಸಲ್ಲದು, ಆದರೂ ಮಗುವಿನ ಊಟದ ಪ್ರಶ್ನೆಯಲ್ಲಿ ಅದನ್ನು ಬಿಡಲಾಗದು. ಅಲ್ಲಿ ಏನು ಬೇಕು ಎಂದು ಯಾರೂ ಕೇಳುವುದಿಲ್ಲ. ಸಾಲಿನಲ್ಲಿ ಕುಳಿತ ಎಲ್ಲರಿಗೂ ಅದೇ ಅನ್ನ, ಅದೇ ಸಾರು, ಅದೇ ಪಾಯಸ. ಮನೆಯಲ್ಲಿ ಸಾರನ್ನ ಮುಟ್ಟದ ಮಗಳು ಪಕ್ಕದಲ್ಲಿ ಕುಳಿತ ತನ್ನಷ್ಟೇ ಹುಡುಗಿ ಉಣ್ಣುವುದನ್ನು ನೋಡಿ ಸಾರು ಕಲಸಿದ ಅನ್ನವನ್ನು ತಾನಾಗಿ ಬಾಯಿಗಿಟ್ಟುಕೊಂಡದ್ದು ಹೊರನಾಡಿನಲ್ಲೇ, ಮತ್ತು ಅದರಿಂದ ನನಗಾದ ಸಂತೋಷ ದೊಡ್ಡದು. ಬಡಿಸುವವರು ವೇಗವಾಗಿ ಸಾಗುವುದರಿಂದ ಮಗುವಿಗೆ ಮೊದಲು ಒಂದು ಹಿಡಿ ಅನ್ನವನ್ನು ಮಾತ್ರ ಹಾಕಿಸಿಕೊಂಡು, ಬೇಕೆಂದರೆ ಮತ್ತೆ ಕೇಳಬೇಕು. ಪ್ರಸಾದವನ್ನು ಚೆಲ್ಲುವ ಸಂದರ್ಭ ಬರಬಾರದು. ಹಬ್ಬದ ದಿನಗಳಲ್ಲಿ ಸರದಿ ಉದ್ದವಾಗಿರುತ್ತದೆ, ಹಸಿದ ಮಗುವನ್ನು ಅಲ್ಲಿ ನಿಲ್ಲಿಸುವುದು ಕಷ್ಟ.

ನನ್ನ ತೀರ್ಪಿನಲ್ಲಿ ಎಲ್ಲಕ್ಕಿಂತ ಮುಂದಿರುವುದು ಕಾಫಿ ತೋಟದ ಹೋಂಸ್ಟೇ. ಇದಕ್ಕೆ ಮುಖ್ಯ ಕಾರಣ ಮಲೆನಾಡಿನ ಅಡುಗೆಯಲ್ಲೇ ಇದೆ. ನಮ್ಮ ಬಯಲುಸೀಮೆಯ ಕಡೆ ಅಕ್ಕಿ ರೊಟ್ಟಿ ಎಂದರೆ ಈರುಳ್ಳಿ, ಹಸಿಮೆಣಸು, ಸಬ್ಬಸಿಗೆ ಸೊಪ್ಪು ಸೇರಿಸಿ ತಟ್ಟಿದ್ದು. ಮಗಳ ಕಣ್ಣಿಗೆ ಅದು ಆರಿಸಿ ತೆಗೆಯಬೇಕಾದ ಚೂರುಗಳ ರಾಶಿ. ಮಲೆನಾಡಿನ ಉಕ್ಕರಿಸಿದ ಹಿಟ್ಟಿನ ರೊಟ್ಟಿಯಾದರೋ ಅಚ್ಚ ಬಿಳುಪು, ತೆಳುವು, ಮೃದು. ಅಕ್ಕಿ ಹಿಟ್ಟು, ನೀರು, ಉಪ್ಪು ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ. ಅಕ್ಕಿ ತರಿಯ ಕಡುಬು, ಒತ್ತು ಶ್ಯಾವಿಗೆ, ಬೆಲ್ಲ ಹಾಕಿದ ಕಾಯಿಹಾಲು, ಇವೂ ಹಾಗೆಯೇ ಸರಳವಾದವು. ದೊಡ್ಡವರಿಗೆ ಖಾರವಾದ ಪಲ್ಯ, ಸಾರುಗಳು ಬೇರೆ ಪಾತ್ರೆಗಳಲ್ಲಿ ಬರುವುದರಿಂದ ಒಂದೇ ಊಟ ಇಬ್ಬರಿಗೂ ಸಲ್ಲುತ್ತದೆ. ಚಿಕ್ಕಮಗಳೂರಿನ ಬಳಿ ನಾವು ಉಳಿದ ಮನೆಯ ಅಕ್ಕ ಮಗಳನ್ನು ಒಲೆಯ ಹತ್ತಿರ ಕೂರಿಸಿಕೊಂಡು, “ನೋಡು ಪುಟ್ಟಿ, ಈ ಉಬ್ಬಿದ ರೊಟ್ಟಿ ನಿಂದು” ಎಂದು ತೋರಿಸಿದರು. ಅವಳು ಕಾಯಿಹಾಲಿನಲ್ಲಿ ಅದ್ದಿಕೊಂಡು ಎರಡು ರೊಟ್ಟಿ ತಿಂದಳು. ಹೋಂಸ್ಟೇಯಲ್ಲಿ ಹೇಳದೆ ಹೋದರೆ ಏನೂ ಸಿಗುವುದಿಲ್ಲ ಎಂಬುದನ್ನೂ ಒಪ್ಪಬೇಕು: ಅಡುಗೆ ಎಣಿಸಿದಷ್ಟು ಜನಕ್ಕೆ ಮಾತ್ರ, ಪೇಟೆ ದೂರ. ಮಗುವಿನ ಊಟ ಏಳಕ್ಕೇ ಬೇಕು, ಕಾಳುಮೆಣಸು ಬೇಡ, ಮೊಸರು ಇರಲಿ ಎಂಬ ಮಾತುಗಳನ್ನು ಹಿಂದಿನ ದಿನವೇ ಫೋನಿನಲ್ಲಿ ಹೇಳಿದರೆ ಅವರು ಅದನ್ನು ಹೊರೆ ಎಂದು ಭಾವಿಸುವುದಿಲ್ಲ.

ಮನೆಯಿಂದ ಕಟ್ಟಿಕೊಂಡ ಬುತ್ತಿ ಇವುಗಳಿಗೆ ಪ್ರತಿಸ್ಪರ್ಧಿಯಲ್ಲ, ಆದರೆ ಬೆಟ್ಟ ಹತ್ತುವ ದಿನ ಅದನ್ನು ಬಿಡಬಾರದು. ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯ ಕಿರಿದಾದ ರಸ್ತೆಯಲ್ಲಿ ವಾರಾಂತ್ಯದಂದು ವಾಹನಗಳು ಸಾಲುಗಟ್ಟಿದರೆ ಊಟದ ಹೊತ್ತು ಕಾರಿನಲ್ಲೇ ಕಳೆಯುತ್ತದೆ. ಮೆತ್ತಗೆ ಬೇಯಿಸಿದ ಅನ್ನಕ್ಕೆ ಹೆಚ್ಚು ಹಾಲು, ಒಂದೇ ಚಮಚ ಮೊಸರು ಬೆರೆಸಿ ಬೆಳಿಗ್ಗೆ ಡಬ್ಬಿಗೆ ತುಂಬಿದರೆ ಅದು ದಾರಿಯಲ್ಲೇ ಹೆಪ್ಪಾಗಿ, ಮಧ್ಯಾಹ್ನಕ್ಕೆ ಹುಳಿಯಾಗದ ಮೊಸರನ್ನವಾಗಿರುತ್ತದೆ. ಒಗ್ಗರಣೆಯನ್ನು ದೊಡ್ಡವರಿಗಾಗಿ ಬೇರೆ ಡಬ್ಬಿಯಲ್ಲಿ ಒಯ್ಯಬಹುದು. ತಿರುವುಗಳಿಗೆ ಮಗುವಿನ ಹೊಟ್ಟೆ ತೊಳಸುವುದರಿಂದ, ಊಟವನ್ನು ಬೆಟ್ಟ ಇಳಿದ ಮೇಲೆ ಅಥವಾ ಮೇಲೆ ತಲುಪಿ ಸ್ವಲ್ಪ ಹೊತ್ತು ಕುಳಿತ ನಂತರ ಕೊಡುವುದು ಲೇಸು.